ವೈಕಿಂಗರನ್ನು ಕುರಿತು ಮೂರು ಸಾಕ್ಷಿಗಳು



ಇಂಗ್ಲೆಂಡಿನ ಚರಿತ್ರೆಯನ್ನು ಓದಿದವರೆಲ್ಲರಿಗೂ ವೈಕಿಂಗರ ಹೆಸರು ಪರಿಚಿತವಾದುದೇ. ಉತ್ತರದ ಚಳಿನಾಡುಗಳಿಂದ ನೀಳವಾದ ಹಡಗುಗಳಲ್ಲಿ ಬಂದು, ಮಠಗಳನ್ನು ಸುಟ್ಟು, ಬೆಳ್ಳಿಬಂಗಾರವನ್ನೂ ಮನುಷ್ಯರನ್ನೂ ಹೊತ್ತುಕೊಂಡು ಹೋದ ಕ್ರೂರಿಗಳು ಅವರೆಂದು ನಾವು ಬಾಲ್ಯದಲ್ಲಿಯೇ ಕಲಿತಿರುತ್ತೇವೆ. ಈ ಪಾಠವನ್ನು ಹೇಳುತ್ತಿದ್ದ ಒಂದು ದಿನ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತು, “ಅಮ್ಮಾ, ಇಂಗ್ಲಿಷಿನ ‘ಸಿಸ್ಟರ್’ ಎಂಬ ಮಾತು ಈಗಿನ ರೂಪವನ್ನು ಪಡೆದುದು ವೈಕಿಂಗರ ನುಡಿಯಿಂದ ಎಂದು ಮೊನ್ನೆ ಹೇಳಿದಿರಿ. ಮನೆಗೆ ನುಗ್ಗಿದ ಕಳ್ಳನಿಂದ ಯಾರಾದರೂ ‘ಅಕ್ಕ’ ಎಂಬ ಮಾತನ್ನು ಕಲಿಯುತ್ತಾರೆಯೇ?” ಎಂದು ಕೇಳಿದಳು. ತರಗತಿಯೆಲ್ಲವೂ ನಕ್ಕಿತು. ನಾವು ಮಾತ್ರ ನಗಲಿಲ್ಲ. ಏಕೆಂದರೆ ಆ ಗಳಿಗೆಯಲ್ಲಿ ನಮ್ಮಲ್ಲಿ ಉತ್ತರವಿರಲಿಲ್ಲ. ಆ ಉತ್ತರವನ್ನು ಹುಡುಕುತ್ತ ಹೋದಾಗ ನಮಗೆ ದೊರೆತುದನ್ನು ಈ ಸಂಚಿಕೆಯ ಮೂಲಕ ತಮ್ಮೆಲ್ಲರ ಮುಂದಿಡುತ್ತೇವೆ.

ನ್ಯಾಯಸ್ಥಾನದಲ್ಲಿ ಒಬ್ಬನೇ ಸಾಕ್ಷಿಯನ್ನು ವಿಚಾರಿಸಿ ತೀರ್ಪು ಕೊಡುವುದು ಯುಕ್ತವಲ್ಲ. ಒಂದು ಜನಾಂಗವನ್ನು ಕುರಿತು ತೀರ್ಪು ಹೇಳುವಾಗಲಂತೂ ಈ ಎಚ್ಚರಿಕೆ ಇನ್ನೂ ಅವಶ್ಯ. ವೈಕಿಂಗರ ವಿಷಯದಲ್ಲಿ ನಾವು ಮೂರು ಸಾಕ್ಷಿಗಳನ್ನು ಕರೆಯಬಹುದು: ಮೊದಲನೆಯದು ಬರೆಹದಲ್ಲಿ ಉಳಿದ ಅವರ ಕೀರ್ತಿ ಅಥವಾ ಅಪಕೀರ್ತಿ, ಎರಡನೆಯದು ಊರುಗಳ ಹೆಸರು, ಮೂರನೆಯದು ಜನರ ನಾಲಗೆಯ ಮೇಲಣ ನುಡಿ.

ಮೊದಲು ಅವರ ಹೆಸರನ್ನು ಕುರಿತು ಒಂದು ಮಾತು. ‘ವೈಕಿಂಗ್’ ಎಂಬುದು ಕುಲದ ಹೆಸರಲ್ಲ. ಹಳೆಯ ನಾರ್ಸ್ ಎಂದು ಕರೆಯಲ್ಪಡುವ ಉತ್ತರದವರ ಭಾಷೆಯಲ್ಲಿ ಕೊಳ್ಳೆಗಾಗಿ ಕೈಕೊಂಡ ಕಡಲಯಾತ್ರೆಗೂ, ಹಾಗೆ ಹೊರಟವನಿಗೂ ಆ ಮಾತು ಸಲ್ಲುತ್ತಿತ್ತು. ಅದು ಕಸುಬಿನ ಹೆಸರೇ ಹೊರತು ಜಾತಿಯ ಹೆಸರಲ್ಲ. ನಾರ್ವೆ, ಡೆನ್ಮಾರ್ಕು, ಸ್ವೀಡನ್ ದೇಶಗಳ ಬಹುಜನರು ಹೊಲವನ್ನು ಉತ್ತು, ದನಕುರಿಗಳನ್ನು ಸಾಕಿ, ಮೀನು ಹಿಡಿದು ಬಾಳುತ್ತಿದ್ದರು. ಆ ಕಾಲದ ಇಂಗ್ಲಿಷರು ದಾಳಿಕಾರರನ್ನು ಹೆಚ್ಚಾಗಿ ‘ಡೇನರು’ ಎಂದೂ ‘ಅನ್ಯಮತದವರು’ ಎಂದೂ ಬರೆದರು. ಇಡೀ ಜನಕ್ಕೆ ‘ವೈಕಿಂಗರು’ ಎಂಬ ಹೆಸರು ಇಂಗ್ಲಿಷಿನಲ್ಲಿ ರೂಢಿಯಾದುದು ೧೯ನೆಯ ಶತಮಾನದಲ್ಲಿ. ಹೆಸರಿನಲ್ಲಿಯೇ ತೀರ್ಪು ಅಡಗಿರುವುದನ್ನು ಗಮನಿಸಿರಿ.

ಮೊದಲನೆಯ ಸಾಕ್ಷಿ: ಬರೆಹ

ಇಂಗ್ಲೆಂಡಿನ ಈಶಾನ್ಯ ತೀರದಲ್ಲಿ ಲಿಂಡಿಸ್‌ಫಾರ್ನ್ ಎಂಬ ಒಂದು ಪುಟ್ಟ ದ್ವೀಪವಿದೆ. ಸಮುದ್ರದ ಉಬ್ಬರ ಬಂದಾಗ ಅದು ನೆಲದಿಂದ ಬೇರೆಯಾಗುತ್ತದೆ; ಇಳಿತವಾದಾಗ ಮರಳಿನ ಮೇಲೆ ನಡೆದು ಹೋಗಬಹುದು. ಅಲ್ಲಿಯ ಮಠವು ವಿದ್ಯೆಗೂ ಭಕ್ತಿಗೂ ಪ್ರಸಿದ್ಧವಾಗಿತ್ತು. ಕ್ರಿ. ಶ. ೭೯೩ನೆಯ ಇಸವಿಯ ಜೂನ್ ತಿಂಗಳಲ್ಲಿ ಉತ್ತರದವರು ಹಡಗುಗಳಿಂದ ಇಳಿದು ಆ ಮಠವನ್ನು ಸುಲಿದರು. ಸನ್ಯಾಸಿಗಳಲ್ಲಿ ಕೆಲವರನ್ನು ಕೊಂದರು, ಕೆಲವರನ್ನು ಸೆರೆಹಿಡಿದೊಯ್ದರು. ಇಂಗ್ಲಿಷರ ವಾರ್ಷಿಕ ವೃತ್ತಾಂತವು ಆ ವರ್ಷ ಆಕಾಶದಲ್ಲಿ ಬೆಂಕಿಯ ಘಟಸರ್ಪಗಳು ಹಾರಾಡಿದುವೆಂದು ಹೇಳುತ್ತದೆ. ಆಗ ಫ್ರಾಂಕರ ದೊರೆ ಷಾರ್ಲಮೇನನ ಆಶ್ರಯದಲ್ಲಿದ್ದ ಆಲ್ಕ್ವಿನ್ ಎಂಬ ಯಾರ್ಕ್ ಪಟ್ಟಣದ ಪಂಡಿತನು ಈ ಸುದ್ದಿಯನ್ನು ಕೇಳಿ, ತನ್ನ ನಾಡಿನ ಅರಸನಿಗೂ ಲಿಂಡಿಸ್‌ಫಾರ್ನಿನ ಬಿಷಪರಿಗೂ ದುಃಖಭರಿತವಾದ ಪತ್ರಗಳನ್ನು ಬರೆದನು. ವೈಕಿಂಗರ ಅಪಕೀರ್ತಿಗೆ ಈ ಬರೆಹಗಳೇ ತಳಹದಿ.

ಈ ಸಾಕ್ಷಿ ಸುಳ್ಳಲ್ಲ. ಕೊಲೆ ನಡೆದುದು ನಿಜ, ಸುಲಿಗೆ ನಡೆದುದು ನಿಜ. ಆದರೂ ಸಾಕ್ಷಿ ಎಲ್ಲಿ ನಿಂತು ನೋಡಿದನೆಂಬುದನ್ನು ನಾವು ವಿಚಾರಿಸಬೇಕು. ಆ ಕಾಲದಲ್ಲಿ ಲೇಖನಿಯನ್ನು ಹಿಡಿಯಬಲ್ಲವರು ಬಹುತರವಾಗಿ ಮಠಗಳಲ್ಲಿದ್ದರು. ಸುಲಿಗೆಗೆ ತುತ್ತಾದುವೂ ಮಠಗಳೇ. ಹೊಡೆಸಿಕೊಂಡವರ ಕೈಯಲ್ಲಿ ಲೇಖನಿಯಿತ್ತು. ಹೊಡೆದವರಲ್ಲಿ ಕಲ್ಲುಮರಗಳ ಮೇಲೆ ಕೊರೆಯುವ ರೂನ್ ಎಂಬ ಅಕ್ಷರಗಳಿದ್ದುವೇ ಹೊರತು ಗ್ರಂಥಗಳಿರಲಿಲ್ಲ. ಲಿಂಡಿಸ್‌ಫಾರ್ನಿನ ದಾಳಿಗೆ ಹನ್ನೊಂದು ವರ್ಷ ಮೊದಲು, ೭೮೨ರಲ್ಲಿ, ಆಲ್ಕ್ವಿನನ ಆಶ್ರಯದಾತನಾದ ಷಾರ್ಲಮೇನನೇ ವೆರ್ಡನ್ ಎಂಬಲ್ಲಿ ಸೆರೆಸಿಕ್ಕ ೪,೫೦೦ ಮಂದಿ ಸ್ಯಾಕ್ಸನರನ್ನು ಒಂದೇ ದಿನದಲ್ಲಿ ಕೊಲ್ಲಿಸಿದನೆಂದು ಫ್ರಾಂಕರ ರಾಜವೃತ್ತಾಂತವೇ ಹೇಳುತ್ತದೆ. ಆತನನ್ನು ಚರಿತ್ರೆ ‘ಮಹಾಶಯ’ನೆಂದು ಕರೆಯಿತು. ಕ್ರೌರ್ಯದಲ್ಲಿ ಅಂತರವಿರಲಿಲ್ಲ, ಬರೆದವರ ಪಕ್ಷದಲ್ಲಿ ಅಂತರವಿತ್ತು.

ಆಲ್ಕ್ವಿನನ ಪತ್ರದಲ್ಲಿಯೇ ಇನ್ನೊಂದು ಸಂಗತಿ ಹೊರಬೀಳುತ್ತದೆ. ತನ್ನ ಜನರು ತಲೆಗೂದಲನ್ನೂ ಗಡ್ಡವನ್ನೂ ಆ ಅನ್ಯಮತದವರಂತೆಯೇ ಕತ್ತರಿಸಿಕೊಳ್ಳುತ್ತಿದ್ದಾರೆಂದು ಆತನು ಅರಸನನ್ನು ಆಕ್ಷೇಪಿಸುತ್ತಾನೆ. ಎಂದೂ ಕಾಣದ ಜನರ ಕೇಶಾಲಂಕಾರವನ್ನು ಯಾರು ಅನುಸರಿಸುತ್ತಾರೆ? ಆದಕಾರಣ ದಾಳಿಗೆ ಮೊದಲೇ ಅವರಿವರಿಗೆ ಪರಿಚಯವಿದ್ದಿತೆಂದು ಊಹಿಸಲು ಎಡೆಯಿದೆ.

ಬರೆಹದ ಸಾಕ್ಷಿಗಳು ಒಬ್ಬರೊಡನೊಬ್ಬರು ಒಪ್ಪುವುದೂ ಇಲ್ಲ. ಬಾಗ್ದಾದಿನ ಖಲೀಫರ ರಾಯಭಾರದೊಡನೆ ಹೊರಟ ಇಬ್ನ್ ಫದ್ಲಾನನು ೯೨೨ರಲ್ಲಿ ವೋಲ್ಗಾ ನದಿಯ ದಡದಲ್ಲಿ ‘ರೂಸ್’ ಎಂಬ ಉತ್ತರದ ವರ್ತಕರನ್ನು ಕಂಡನು. ಅವರ ಮೈಕಟ್ಟನ್ನು ಹೊಗಳಿದನು. ಆದರೆ ಒಂದೇ ಬೋಗುಣಿಯ ನೀರಿನಲ್ಲಿ ಒಬ್ಬರ ತರುವಾಯ ಒಬ್ಬರು ಮುಖ ತೊಳೆಯುವ ಅವರಿಗಿಂತ ಕೊಳಕರಿಲ್ಲವೆಂದು ಹೇಸಿಕೊಂಡನು. ವಾಲಿಂಗ್‌ಫರ್ಡಿನ ಜಾನನದೆಂದು ಹೇಳಲ್ಪಡುವ ೧೩ನೆಯ ಶತಮಾನದ ಇಂಗ್ಲಿಷ್ ವೃತ್ತಾಂತವಾದರೋ, ಡೇನರು ದಿನಕ್ಕೊಮ್ಮೆ ತಲೆ ಬಾಚಿಕೊಂಡು, ಶನಿವಾರ ಶನಿವಾರ ಸ್ನಾನಮಾಡಿ, ಬಟ್ಟೆಗಳನ್ನು ಮತ್ತೆ ಮತ್ತೆ ಬದಲಾಯಿಸಿ, ಇಂಗ್ಲಿಷ್ ಸ್ತ್ರೀಯರ ಮನಸ್ಸನ್ನು ಕೆಡಿಸಿದರೆಂದು ದೂರುತ್ತದೆ! ಹರಿಯುವ ನೀರಿನಲ್ಲಿ ಕೈಕಾಲು ತೊಳೆದು ಪ್ರಾರ್ಥಿಸುವ ಪದ್ಧತಿಯ ಮುಸಲ್ಮಾನ ಪ್ರವಾಸಿಗೆ ಅವರು ಕೊಳಕರು. ಅಪರೂಪವಾಗಿ ಮೀಯುವ ಜನರ ನಡುವೆ ಅವರು ಅತಿಶುಚಿಗಳು. ಕೀರ್ತಿಯೆಂಬುದು ನೋಡಿದವರ ಕಣ್ಣನ್ನೂ ಸ್ವಲ್ಪಮಟ್ಟಿಗೆ ತೋರಿಸುತ್ತದೆ.

ಈ ವಿವಾದದಲ್ಲಿ ನುಡಿಯೇ ನಡುವೆ ಬಂದು ಒಂದು ಮಾತು ಹೇಳುತ್ತದೆ. ಹಳೆಯ ನಾರ್ಸಿನಲ್ಲಿ ಶನಿವಾರಕ್ಕೆ ‘ಲೌಗರ್‌ದಗ್ರ್’ ಎಂದು ಹೆಸರು. ಅದರ ಅರ್ಥ ‘ಮೀಯುವ ದಿನ’. ಇಂದಿಗೂ ಡೇನರೂ ನಾರ್ವೆಯವರೂ ಸ್ವೀಡನ್ನಿನವರೂ ಅದೇ ಹೆಸರಿನ ಸವೆದ ರೂಪವನ್ನು ಬಳಸುತ್ತಾರೆ. ಶನಿವಾರದ ಸ್ನಾನ ಕಟ್ಟುಕಥೆಯಲ್ಲವೆಂದಾಯಿತು.

ಎರಡನೆಯ ಸಾಕ್ಷಿ: ಊರ ಹೆಸರು

೮೬೫ರಲ್ಲಿ ಡೇನರ ದೊಡ್ಡ ದಂಡೊಂದು ಇಂಗ್ಲೆಂಡಿನ ಪೂರ್ವತೀರದಲ್ಲಿ ಇಳಿಯಿತು. ಈ ಸಲ ಬಂದವರು ಸುಲಿದು ಹಿಂದಿರುಗಲಿಲ್ಲ. ಹತ್ತಾರು ವರ್ಷ ಯುದ್ಧ ನಡೆಯಿತು. ೮೭೬ನೆಯ ಇಸವಿಯ ಕೆಳಗೆ ಇಂಗ್ಲಿಷರ ವೃತ್ತಾಂತದಲ್ಲಿ ಒಂದು ಚಿಕ್ಕ ವಾಕ್ಯವಿದೆ: ಹಾಫ್‌ಡನ್ ಎಂಬ ನಾಯಕನು ನಾರ್ತಂಬ್ರಿಯದ ನೆಲವನ್ನು ತನ್ನವರಿಗೆ ಹಂಚಿಕೊಟ್ಟನೆಂದೂ, ಅವರು ಉಳತೊಡಗಿ ಜೀವನ ಸಾಗಿಸಿದರೆಂದೂ ಅದರ ಭಾವ. ನೇಗಿಲನ್ನು ಕುರಿತ ಈ ಒಂದು ಸಾಲನ್ನು ಓದುಗರು ದಾಟಿ ಹೋಗುತ್ತಾರೆ; ಊರುಗಳು ಮರೆತಿಲ್ಲ. ೮೭೮ರಲ್ಲಿ ಆಲ್ಫ್ರೆಡ್ ದೊರೆ ಗುತ್ರಮ್ ಎಂಬ ಡೇನರ ನಾಯಕನನ್ನು ಸೋಲಿಸಿದನು. ಗುತ್ರಮನು ದೀಕ್ಷಾಸ್ನಾನವನ್ನು ಪಡೆದನು. ಅನಂತರ ಇಬ್ಬರೂ ಗಡಿಯನ್ನು ಗೊತ್ತುಮಾಡಿಕೊಂಡರು. ಆ ಗಡಿಯ ಉತ್ತರಕ್ಕೂ ಪೂರ್ವಕ್ಕೂ ಇದ್ದ ಸೀಮೆಯಲ್ಲಿ ಡೇನರ ಕಟ್ಟಳೆ ನಡೆಯುತ್ತಿತ್ತು.

ಈಗ ಆ ಸೀಮೆಯ ನಕ್ಷೆಯನ್ನು ಬಿಚ್ಚಿರಿ. ನಮ್ಮ ನಾಡಿನಲ್ಲಿ ‘ಹಳ್ಳಿ’, ‘ಪುರ’, ‘ಕೆರೆ’, ‘ಪಟ್ಟಣ’ ಎಂದು ಊರ ಹೆಸರುಗಳು ಮುಗಿಯುವಂತೆ ಅಲ್ಲಿಯ ಹೆಸರುಗಳಿಗೂ ಬಾಲಗಳಿವೆ. ‘ಬಿ’ ಎಂದು ಮುಗಿಯುವ ಹೆಸರಿನಲ್ಲಿರುವುದು ಒಕ್ಕಲು ಅಥವಾ ಹಳ್ಳಿ ಎಂಬ ಅರ್ಥದ ನಾರ್ಸ್ ಮಾತು. ಗ್ರಿಮ್ಸ್‌ಬಿ ಎಂದರೆ ಗ್ರಿಮನ ಹಳ್ಳಿ. ಸ್ಕಂತಾರ್ಪ್ ಮುಂತಾದ ಹೆಸರುಗಳ ‘ತಾರ್ಪ್’ ಎಂಬುದು ದೊಡ್ಡ ಊರಿಗೆ ಸೇರಿದ ಚಿಕ್ಕ ಒಕ್ಕಲು. ‘ತ್ವೇಟ್’ ಎಂದರೆ ಕಾಡನ್ನು ಕಡಿದು ಮಾಡಿದ ಬಯಲು. ‘ಟಾಫ್ಟ್’ ಎಂದರೆ ಮನೆಯ ನಿವೇಶನ. ಯಾರ್ಕ್‌ಷೈರಿನಲ್ಲಿಯೂ ಲಿಂಕನ್‌ಷೈರಿನಲ್ಲಿಯೂ ‘ಬಿ’ ಎಂದು ಮುಗಿಯುವ ಹೆಸರುಗಳೇ ಇನ್ನೂರಕ್ಕೆ ಮಿಕ್ಕಿವೆ. ಆಲ್ಫ್ರೆಡನ ಗಡಿಯನ್ನು ದಾಟಿ ದಕ್ಷಿಣಕ್ಕೆ ಬಂದರೆ ಅವು ಬಹುಮಟ್ಟಿಗೆ ಇಲ್ಲವಾಗುತ್ತವೆ. ಈ ಮಾತುಗಳಲ್ಲಿ ಒಂದಾದರೂ ಯುದ್ಧವನ್ನು ಹೇಳುತ್ತದೆಯೇ? ಎಲ್ಲವೂ ಹೊಲ, ಮನೆ, ಕಾಡು ಕಡಿದ ಬಯಲು. ೧೦೮೬ರಲ್ಲಿ ವಿಲಿಯಂ ದೊರೆ ಬರೆಯಿಸಿದ ಜಮಾಬಂದಿಯ ಮಹಾಪುಸ್ತಕದಲ್ಲಿ ಇವುಗಳಲ್ಲಿ ಬಹಳ ಹೆಸರುಗಳು ಆಗಲೇ ದಾಖಲಾಗಿವೆ.

ಯಾರ್ಕ್ ಪಟ್ಟಣದ ಹೆಸರಿನ ಕಥೆಯೂ ಹೀಗೆಯೇ. ರೋಮನರು ಅದನ್ನು ಎಬೊರಾಕಂ ಎಂದರು. ಇಂಗ್ಲಿಷರು ಎಯೊಫೊರ್‌ವಿಕ್ ಎಂದು ತಿರುಗಿಸಿದರು. ಉತ್ತರದವರ ಬಾಯಲ್ಲಿ ಅದು ಯೋರ್ವಿಕ್ ಆಯಿತು. ಅದು ಸವೆದು ಯಾರ್ಕ್ ಆಯಿತು. ಅಲ್ಲಿಯ ಬೀದಿಗಳ ಹೆಸರು ‘ಗೇಟ್’ ಎಂದು ಮುಗಿದರೆ ಅದು ಬಾಗಿಲಲ್ಲ. ನಾರ್ಸಿನಲ್ಲಿ ‘ಗಾತ’ ಎಂದರೆ ಬೀದಿ. ಕಾಪರ್‌ಗೇಟ್ ಎಂಬುದು ಮರದ ಬಟ್ಟಲು ಕಡೆಯುವವರ ಬೀದಿ. ೧೯೭೬ರಿಂದ ೧೯೮೧ರವರೆಗೆ ಅಲ್ಲಿ ನೆಲವನ್ನು ಅಗೆದಾಗ ಕಡೆದ ಬಟ್ಟಲುಗಳೂ ಅವುಗಳ ಚೂರುಗಳೂ, ಚರ್ಮದ ಪಾದರಕ್ಷೆಗಳೂ, ಕೊಂಬಿನ ಬಾಚಣಿಗೆಗಳೂ, ಒಂದು ಉಣ್ಣೆಯ ಕಾಲುಚೀಲವೂ ದೊರೆತುವು. ಹೆಸರು ಹೇಳಿದುದನ್ನು ಮಣ್ಣು ಸಮರ್ಥಿಸಿತು.

ಆದರೆ ಊರ ಹೆಸರುಗಳು ಸಮಾಧಾನವನ್ನು ಮಾತ್ರ ಹೇಳುತ್ತವೆಂದು ತಿಳಿಯಬಾರದು. ೬೫೭ರಲ್ಲಿ ಹಿಲ್ಡಾ ಎಂಬ ಪೂಜ್ಯ ಮಹಿಳೆ ನಾರ್ತಂಬ್ರಿಯದ ಕಡಲ ಬದಿಯ ಗುಡ್ಡದ ಮೇಲೆ ಒಂದು ಮಠವನ್ನು ಸ್ಥಾಪಿಸಿದರು. ಸ್ತ್ರೀಪುರುಷರಿಬ್ಬರೂ ಇದ್ದ ಆ ಮಠಕ್ಕೆ ಅವರೇ ಮುಖ್ಯಸ್ಥೆ. ಅವರ ಕೈಕೆಳಗೆ ಕಲಿತವರಲ್ಲಿ ಐವರು ಬಿಷಪರಾದರು. ದನ ಕಾಯುತ್ತಿದ್ದ ಕ್ಯಾಡ್ಮನ್ ಎಂಬವನು ಅವರ ಪ್ರೋತ್ಸಾಹದಿಂದ ಇಂಗ್ಲಿಷ್ ಭಾಷೆಯ ಮೊದಲ ಕವಿಗಳಲ್ಲಿ ಒಬ್ಬನಾದನು. ೬೬೪ರ ಪ್ರಸಿದ್ಧವಾದ ಧರ್ಮಸಭೆ ಅಲ್ಲಿಯೇ ಕೂಡಿತು. ಆ ಸ್ಥಳದ ಆಗಿನ ಹೆಸರು ಸ್ಟ್ರೆಯೊನೆಸ್‌ಹಾಲ್. ಡೇನರ ಹಾವಳಿಯಲ್ಲಿ ಆ ಮಠ ಹಾಳಾಯಿತೆಂಬುದು ಪರಂಪರೆಯ ಮಾತು. ಮುಂದೆ ಅಲ್ಲಿ ಮತ್ತೆ ಊರು ಕಾಣುವಾಗ ಅದರ ಹೆಸರು ವಿಟ್‌ಬಿ. ಇದು ಉತ್ತರದವರು ಇಟ್ಟ ಹೆಸರು. ಹಿಲ್ಡಾ ಅವರು ಕರೆಯುತ್ತಿದ್ದ ಹೆಸರನ್ನು ಆ ಊರು ಮರೆತುಬಿಟ್ಟಿತು. ಒಂದು ಹೆಸರು ಅಳಿದು ಇನ್ನೊಂದು ನಿಂತಲ್ಲಿ ಒಂದು ಗಾಯವಿರುವುದನ್ನು ನಾವು ಕಾಣಬೇಕು.

ಇದರ ಎದುರಿಗೆ ಕರ್ಕ್‌ಬಿ ಎಂಬ ಹೆಸರನ್ನು ಇಡೋಣ. ಉತ್ತರ ಇಂಗ್ಲೆಂಡಿನಲ್ಲಿ ಈ ಹೆಸರಿನ ಊರುಗಳು ಹಲವು. ‘ದೇವಾಲಯವಿರುವ ಹಳ್ಳಿ’ ಎಂದು ಅದರ ಅರ್ಥ. ಎರಡು ತುಂಡುಗಳೂ ನಾರ್ಸ್ ಮಾತುಗಳೇ. ದೇವಾಲಯಗಳನ್ನು ಸುಲಿಯಲು ಬಂದವರ ನುಡಿಯಲ್ಲಿಯೇ ದೇವಾಲಯವು ಊರಿನ ಗುರುತಾಯಿತು. ವಿಟ್‌ಬಿ ಮತ್ತು ಕರ್ಕ್‌ಬಿ ಎಂಬ ಎರಡು ಹೆಸರುಗಳನ್ನು ಒಟ್ಟಿಗೆ ಓದಿದವಳೇ ಈ ಚರಿತ್ರೆಯನ್ನು ಓದಿದವಳು.

ಮೂರನೆಯ ಸಾಕ್ಷಿ: ನುಡಿ

ಹಳೆಯ ಇಂಗ್ಲಿಷೂ ಹಳೆಯ ನಾರ್ಸೂ ಒಂದೇ ತಾಯಿಯಿಂದ ಬಂದ ಭಾಷೆಗಳು. ನಮ್ಮ ಕನ್ನಡಕ್ಕೂ ತುಳುವಿಗೂ ಇರುವಂತಹ ನಂಟು, ಬಹುಶಃ ಇನ್ನೂ ಹತ್ತಿರದ ನಂಟು. ನೆರೆಹೊರೆಯ ಇಬ್ಬರು ಒಕ್ಕಲಿಗರು ಸ್ವಲ್ಪ ತಾಳ್ಮೆಯಿದ್ದರೆ ಒಬ್ಬರ ಮಾತನ್ನೊಬ್ಬರು ಗ್ರಹಿಸಬಹುದಾಗಿತ್ತು. ಈ ಹೋಲಿಕೆಯ ನಡುವೆ ನಾರ್ಸ್ ಮಾತನ್ನು ಗುರುತಿಸಲು ನಮ್ಮ ಹುಡುಗಿಯರಿಗೆ ಒಂದು ಸುಲಭವಾದ ಸೂತ್ರವನ್ನು ಹೇಳಿಕೊಡುತ್ತೇವೆ. ಹಳಗನ್ನಡದ ‘ಪಾಲ್’ ಹೊಸಗನ್ನಡದಲ್ಲಿ ‘ಹಾಲು’ ಆದಂತೆ, ಹಳೆಯ ‘ಸ್ಕ್’ ಎಂಬ ಧ್ವನಿ ಇಂಗ್ಲಿಷರ ಬಾಯಲ್ಲಿ ‘ಶ್’ ಎಂದು ಮೆತ್ತಗಾಯಿತು; ಉತ್ತರದವರ ಬಾಯಲ್ಲಿ ಹಾಗೆಯೇ ಗಟ್ಟಿಯಾಗಿ ಉಳಿಯಿತು. ಆದಕಾರಣ ‘ಶರ್ಟ್’ ಎಂಬುದು ಇಂಗ್ಲಿಷರ ಮನೆಯ ಮಾತು, ‘ಸ್ಕರ್ಟ್’ ಎಂಬುದು ವೈಕಿಂಗರ ಮನೆಯ ಮಾತು. ಮೂಲದಲ್ಲಿ ಎರಡೂ ಒಂದೇ ಉಡುಪು. ಚರ್ಮಕ್ಕೆ ‘ಸ್ಕಿನ್’, ಕುಶಲತೆಗೆ ‘ಸ್ಕಿಲ್’, ಆಕಾಶಕ್ಕೆ ‘ಸ್ಕೈ’ ಎಂಬುವೂ ಉತ್ತರದಿಂದ ಬಂದುವು. ಈ ಕೊನೆಯ ಮಾತಿಗೆ ನಾರ್ಸಿನಲ್ಲಿ ಮೋಡವೆಂದು ಅರ್ಥ. ಆದರೆ ಸೂತ್ರವನ್ನು ಎಲ್ಲೆಂದರಲ್ಲಿ ಹಚ್ಚಬಾರದು: ‘ಸ್ಕೂಲ್’ ಲ್ಯಾಟಿನಿನಿಂದ ಬಂದ ಮಾತು.

ನಾರ್ಸಿನಿಂದ ಬಂದ ಮಾತುಗಳಲ್ಲಿ ಒಂದು ಗುಂಪು ನಾವು ನಿರೀಕ್ಷಿಸಿದಂತೆಯೇ ಇದೆ. ಕೊಲೆಯ ‘ಸ್ಲಾಟರ್’, ಮನೆಯನ್ನು ಜಾಲಾಡಿ ದೋಚುವ ‘ರ‍್ಯಾನ್ಸ್ಯಾಕ್’, ಗುಲಾಮನೆಂಬ ಅರ್ಥದ ‘ತ್ರಾಲ್’. ಇವು ಅಪಕೀರ್ತಿಯನ್ನು ಸಮರ್ಥಿಸುತ್ತವೆ. ಇನ್ನೊಂದು ಗುಂಪು ಕಟ್ಟಳೆಯದು: ‘ಲಾ’ ಎಂಬ ಕಾನೂನಿನ ಮಾತೇ ಅವರದು. ಯಾರನ್ನು ಕಾನೂನಿಲ್ಲದವರೆಂದು ಕರೆದರೋ ಅವರಿಂದಲೇ ಇಂಗ್ಲಿಷರು ಕಾನೂನಿನ ಹೆಸರನ್ನು ಪಡೆದರು.

ಮೂರನೆಯ ಗುಂಪು ಅಡಿಗೆಮನೆ, ಹಿತ್ತಿಲು, ಜಗಲಿಗಳದು. ಗಂಡನಿಗೆ ‘ಹಸ್ಬೆಂಡ್’, ಅಂದರೆ ಮನೆಯ ಯಜಮಾನ. ಚಾಕುವಿಗೆ ‘ನೈಫ್’, ಬೇರಿಗೆ ‘ರೂಟ್’, ಕಾಲಿಗೆ ‘ಲೆಗ್’. ಕಿಟಕಿಗೆ ‘ವಿಂಡೋ’, ನಾರ್ಸಿನಲ್ಲಿ ಅದು ‘ಗಾಳಿಯ ಕಣ್ಣು’. ನಮ್ಮ ‘ಗವಾಕ್ಷ’ದಲ್ಲಿ ಹಸುವಿನ ಕಣ್ಣಿರುವಂತೆ ಅವರ ಕಿಟಕಿಯಲ್ಲಿ ಗಾಳಿಯ ಕಣ್ಣು! ಕೊಡು, ತೆಗೆದುಕೊ, ಕರೆ, ಸಾಯು ಎಂಬರ್ಥದ ‘ಗಿವ್’, ‘ಟೇಕ್’, ‘ಕಾಲ್’, ‘ಡೈ’ ಎಂಬ ಕ್ರಿಯಾಪದಗಳಲ್ಲಿಯೂ ಅವರ ಕೈವಾಡವಿದೆ.

ಮೊಟ್ಟೆಯ ಕಥೆಯನ್ನು ಹೇಳದೆ ಬಿಡಲಾಗದು. ಇಂಗ್ಲೆಂಡಿನಲ್ಲಿ ಮೊದಲು ಮುದ್ರಣಯಂತ್ರವನ್ನು ಇಟ್ಟ ಕ್ಯಾಕ್ಸ್‌ಟನನು ೧೪೯೦ರ ಒಂದು ಪುಸ್ತಕದ ಮುನ್ನುಡಿಯಲ್ಲಿ ಇದನ್ನು ಬರೆದಿದ್ದಾನೆ. ಥೇಮ್ಸ್ ನದಿಯಿಂದ ಹಡಗಿನಲ್ಲಿ ಹೊರಟ ಕೆಲವರು ವರ್ತಕರು ಗಾಳಿಯಿಲ್ಲದೆ ನಿಂತು, ಊಟಕ್ಕಾಗಿ ದಡಕ್ಕಿಳಿದರು. ಒಬ್ಬನು ಒಂದು ಮನೆಗೆ ಹೋಗಿ ಗೃಹಿಣಿಯನ್ನು ‘ಎಗ್’ ಬೇಕೆಂದು ಕೇಳಿದನು. ಆಕೆ ತನಗೆ ಫ್ರೆಂಚ್ ಭಾಷೆ ಬಾರದೆಂದು ಉತ್ತರಿಸಿದಳು. ತಾನೂ ಫ್ರೆಂಚ್ ಅರಿಯದ ಆತನಿಗೆ ಸಿಟ್ಟು ಬಂತು. ಕೊನೆಗೆ ಜೊತೆಗಾರನೊಬ್ಬನು ‘ಐರೆನ್’ ಎಂದಾಗ ಆಕೆಗೆ ಅರ್ಥವಾಯಿತು. ‘ಐರೆನ್’ ಎಂಬುದು ಇಂಗ್ಲಿಷರ ಸ್ವಂತದ ಮಾತು. ‘ಎಗ್’ ಎಂಬುದು ಉತ್ತರದವರದು. ಕೊನೆಯ ವೈಕಿಂಗ್ ದಾಳಿಯಾಗಿ ನಾಲ್ಕು ನೂರು ವರ್ಷಗಳಾದ ಮೇಲೂ ಎರಡು ಮಾತುಗಳು ಬುಟ್ಟಿಯ ಮುಂದೆ ಜಗಳವಾಡುತ್ತಿದ್ದುವು. ಗೆದ್ದ ಮಾತು ಯಾವುದೆಂಬುದನ್ನು ನಮ್ಮ ಪ್ರಾಥಮಿಕ ತರಗತಿಯ ಮಕ್ಕಳೂ ಬಲ್ಲರು.

ಎಲ್ಲಕ್ಕಿಂತ ಅಚ್ಚರಿಯದು ‘ದೇ’, ‘ದೆಮ್’, ‘ದೇರ್’ ಎಂಬ ಸರ್ವನಾಮಗಳು. ‘ಅವರು’, ‘ಅವರನ್ನು’, ‘ಅವರ’ ಎಂಬುದನ್ನು ಹೇಳಲು ಇಂಗ್ಲಿಷರು ಉತ್ತರದವರ ಮಾತನ್ನು ತೆಗೆದುಕೊಂಡರು. ಇದರ ತೂಕವನ್ನು ತಿಳಿಯಲು ನಮ್ಮ ಕನ್ನಡವನ್ನೇ ನೋಡಿರಿ. ಪಾರಸಿಯಿಂದ ನಾವು ಜಮೀನು, ದರ್ಬಾರು, ರುಮಾಲುಗಳನ್ನು ಪಡೆದೆವು. ಪೋರ್ತುಗೀಜರಿಂದ ಚಾವಿಯನ್ನೂ ಅಲಮಾರನ್ನೂ ಪಡೆದೆವು. ಇಂಗ್ಲಿಷಿನಿಂದ ಪಡೆದುದಕ್ಕೆ ಲೆಕ್ಕವಿಲ್ಲ. ಆದರೆ ‘ಅವರು’ ಎಂಬ ಮಾತನ್ನು ಯಾರಿಂದಲಾದರೂ ಕೇಳಿ ಪಡೆದೆವೇ? ವಸ್ತುವಿನೊಡನೆ ಅದರ ಹೆಸರು ಬರುತ್ತದೆ; ಅಧಿಕಾರದೊಡನೆ ಅದರ ಮಾತುಗಳು ಬರುತ್ತವೆ. ಸರ್ವನಾಮವು ಹಾಗೆ ಬರುವುದಿಲ್ಲ. ಒಂದೇ ಬಾವಿಯ ನೀರನ್ನು ಸೇದಿ, ಒಂದೇ ಸಂತೆಗೆ ಹೋಗಿ, ಕೊಟ್ಟು ತಂದು ನಂಟಸ್ತಿಕೆಯಾದ ಜನರ ಮಕ್ಕಳ ಬಾಯಲ್ಲಿ ಮಾತ್ರ ಅದು ಕೂಡಿಕೊಳ್ಳುತ್ತದೆ. ಇತ್ತೀಚಿನ ದಶಕಗಳಲ್ಲಿ ಪೂರ್ವ ಇಂಗ್ಲೆಂಡಿನ ಹೊಲಗಳಲ್ಲಿ ಉತ್ತರದ ಸ್ತ್ರೀಯರು ತೊಡುವ ಮಾದರಿಯ ಉಡುಪಿನ ಕೊಂಡಿಗಳು ನೂರಾರು ದೊರೆತಿವೆ. ಬಂದವರು ಗಂಡಸರಷ್ಟೇ ಅಲ್ಲ, ಹೆಂಗಸರೂ ಬಂದು ಮನೆ ಹೂಡಿರಬೇಕೆಂದು ಹಲವರು ವಿದ್ವಾಂಸರು ಇದರಿಂದ ಊಹಿಸುತ್ತಾರೆ.

ಫ್ರಾನ್ಸಿನ ಸಂಗತಿಯನ್ನು ಇದರೊಡನೆ ಹೋಲಿಸಬಹುದು. ೯೧೧ರಲ್ಲಿ ಫ್ರಾಂಕರ ದೊರೆಯು ರೊಲ್ಲೋ ಎಂಬ ವೈಕಿಂಗ್ ನಾಯಕನಿಗೆ ಸೇನ್ ನದಿಯ ಮುಖದ ಸೀಮೆಯನ್ನು ಕೊಟ್ಟನು. ಅದೇ ನಾರ್ಮಂಡಿ, ಉತ್ತರದವರ ನಾಡು. ಅಲ್ಲಿ ಈವ್ತೋ, ಬೊಲ್ಬೆಕ್ ಮುಂತಾದ ಊರ ಹೆಸರುಗಳು ಉಳಿದುವು. ನುಡಿಯು ಕೆಲವು ತಲೆಮಾರುಗಳಲ್ಲಿ ಅಳಿಯಿತು. ೧೦೬೬ರಲ್ಲಿ ರೊಲ್ಲೋವಿನ ವಂಶದ ವಿಲಿಯಂ ಇಂಗ್ಲೆಂಡನ್ನು ಗೆದ್ದಾಗ ಅವನ ದಂಡು ಮಾತನಾಡಿದುದು ಫ್ರೆಂಚ್. ಆ ವೈಕಿಂಗರಲ್ಲಿ ಬಹಳ ಮಂದಿ ಆ ನಾಡಿನ ಹೆಣ್ಣುಗಳನ್ನೇ ಮದುವೆಯಾಗಿ, ಮಕ್ಕಳು ತಾಯಿಯ ಮಾತನ್ನೇ ಕಲಿತರೆಂಬುದು ಇದಕ್ಕೆ ಕೊಡುವ ಕಾರಣಗಳಲ್ಲಿ ಒಂದು.

ಸಾಕ್ಷಿ ಹೇಳಲಾರದವರು

ಇಷ್ಟಕ್ಕೆ ನಿಲ್ಲಿಸಿದ್ದರೆ ನಮ್ಮ ಪಾಠ ಸುಖಾಂತವಾಗುತ್ತಿತ್ತು: ಕಳ್ಳರೆಂದು ಕರೆಯಲ್ಪಟ್ಟವರು ಒಳ್ಳೆಯ ನೆರೆಯವರಾಗಿದ್ದರೆಂದು ಹೇಳಿ ಪುಸ್ತಕ ಮುಚ್ಚಬಹುದಾಗಿತ್ತು. ಹಾಗೆ ಮುಚ್ಚುವುದು ನ್ಯಾಯವಲ್ಲ.

ಐರ್ಲೆಂಡಿನ ಅಲ್ಸ್ಟರ್ ವಾರ್ಷಿಕ ವೃತ್ತಾಂತವು ೮೨೧ನೆಯ ಇಸವಿಯ ಕೆಳಗೆ, ಡಬ್ಲಿನ್ ಕೊಲ್ಲಿಯ ಬಳಿಯ ಹೌತ್ ಎಂಬಲ್ಲಿಂದ ವೈಕಿಂಗರು ಬಹುಮಂದಿ ಸ್ತ್ರೀಯರನ್ನು ಸೆರೆಯೊಯ್ದರೆಂದು ಹೇಳುತ್ತದೆ. ಒಬ್ಬಳ ಹೆಸರೂ ಅಲ್ಲಿಲ್ಲ. ಅವರು ಎಲ್ಲಿಗೆ ಹೋದರು? ಸುಮಾರು ೮೭೦ರಿಂದ ೯೩೦ರವರೆಗೆ ನಾರ್ವೆಯವರು ಐಸ್ಲೆಂಡ್ ದ್ವೀಪದಲ್ಲಿ ನೆಲೆಸಿದರು. ಆ ದ್ವೀಪದ ಈಗಿನ ಜನರ ವಂಶಪರಂಪರೆಯನ್ನು ೨೦೦೦ದ ಆಸುಪಾಸಿನಲ್ಲಿ ವಿಜ್ಞಾನಿಗಳು ರಕ್ತದ ಪರೀಕ್ಷೆಯಿಂದ ಶೋಧಿಸಿದಾಗ, ತಂದೆಯ ಕಡೆಯ ಮೂಲ ಬಹುಪಾಲು ಸ್ಕ್ಯಾಂಡಿನೇವಿಯವೆಂದೂ, ತಾಯಿಯ ಕಡೆಯ ಮೂಲ ಅರ್ಧಕ್ಕಿಂತ ಹೆಚ್ಚಾಗಿ ಐರ್ಲೆಂಡ್ ಸ್ಕಾಟ್ಲೆಂಡುಗಳದೆಂದೂ ತಿಳಿದುಬಂತು. ಅವರೆಲ್ಲರೂ ಸೆರೆಯಾಳುಗಳಲ್ಲ; ಮದುವೆಯಾಗಿ ಬಂದವರೂ ಇದ್ದಿರಬೇಕು. ಆದರೆ ಬಲಾತ್ಕಾರದಿಂದ ಕೊಂಡೊಯ್ಯಲ್ಪಟ್ಟವರು ಇದ್ದರೆಂಬುದರಲ್ಲಿ ಸಂಶಯವಿಲ್ಲ. ಈಗ ಐಸ್ಲೆಂ‌ಡಿನ ಭಾಷೆಯನ್ನು ನೋಡಿರಿ: ಆ ತಾಯಂದಿರ ಗೇಲಿಕ್ ನುಡಿಯ ಮಾತುಗಳು ಅದರಲ್ಲಿ ಬೆರಳೆಣಿಕೆಯಷ್ಟೇ. ನಾರ್ಮಂಡಿಯಲ್ಲಿ ತಮ್ಮ ನೆಲದಲ್ಲಿ, ತಮ್ಮ ಬಂಧುಗಳ ನಡುವೆ ನಿಂತ ತಾಯಂದಿರ ಮಾತು ಗೆದ್ದಿತು. ಕಡಲಿನಾಚೆಗೆ ಒಯ್ಯಲ್ಪಟ್ಟ ತಾಯಂದಿರು ಮಕ್ಕಳಿಗೆ ಮೈಯನ್ನು ಕೊಟ್ಟರು. ಮಾತನ್ನು ಕೊಡಲಾರದೆ ಹೋದರು.

ನುಡಿಯೂ ಎಲ್ಲರ ಪರವಾಗಿ ಸಾಕ್ಷಿ ಹೇಳುವುದಿಲ್ಲವೆಂದು ನಾವು ಇಲ್ಲಿ ಕಲಿಯುತ್ತೇವೆ. ಬರೆಹವು ಬರೆಯಬಲ್ಲವರ ಪರ. ನುಡಿಯು ಮನೆಯಲ್ಲಿ ಬಾಯಿ ತೆರೆಯಬಲ್ಲವರ ಪರ.

ನೆರೆಯವರಾದವರ ನಡುವೆಯೂ ವಿಷ ಬೆಳೆಯಬಹುದು. ೧೦೦೨ರ ನವಂಬರ್ ೧೩ರಂದು ಇಂಗ್ಲಿಷರ ದೊರೆ ಎಥೆಲ್‌ರೆಡ್ ತನ್ನ ರಾಜ್ಯದ ಡೇನರನ್ನೆಲ್ಲ ಕೊಲ್ಲಬೇಕೆಂದು ಆಜ್ಞೆ ಮಾಡಿದನು. ಆಕ್ಸ್‌ಫರ್ಡಿನಲ್ಲಿ ಪ್ರಾಣಭಯದಿಂದ ದೇವಾಲಯವನ್ನು ಹೊಕ್ಕವರ ಮೇಲೆ ಊರಿನವರು ಬೆಂಕಿಯಿಟ್ಟರು. ದೇವಾಲಯಕ್ಕೆ ಬೆಂಕಿ ಹಚ್ಚುವುದು ವೈಕಿಂಗರ ಗುಣವೆಂದು ಬರೆದ ಜನರೇ ಇದನ್ನು ಮಾಡಿದರು.

ಕೀರ್ತಿಯ ಎರಡನೆಯ ಜನ್ಮ

೧೯ನೆಯ ಶತಮಾನದಲ್ಲಿ ಯೂರೋಪಿನವರಿಗೆ ಈ ಹಳೆಯ ಕಡಲುಗಳ್ಳರ ಮೇಲೆ ಒಮ್ಮೆಲೆ ಪ್ರೀತಿ ಹುಟ್ಟಿತು. ನಾವೆಲ್ಲ ಚಿತ್ರಗಳಲ್ಲಿ ನೋಡಿದ ಎರಡು ಕೊಂಬಿನ ಶಿರಸ್ತ್ರಾಣ ಆ ಪ್ರೀತಿಯ ಫಲ. ೧೮೭೬ರಲ್ಲಿ ಜರ್ಮನಿಯ ಬೈರಾಯ್ಟಿನಲ್ಲಿ ವಾಗ್ನರನ ಸಂಗೀತನಾಟಕವನ್ನು ಆಡಿದಾಗ ವೇಷಗಳನ್ನು ರಚಿಸಿದ ಡೋಪ್ಲರ್ ಎಂಬ ಚಿತ್ರಗಾರನು ಅಂತಹ ಶಿರಸ್ತ್ರಾಣಗಳನ್ನು ರೂಢಿಗೆ ತಂದನು. ೧೯೪೩ರಲ್ಲಿ ನಾರ್ವೆಯ ಯೆರ್ಮುಂಡ್‌ಬು ಎಂಬಲ್ಲಿ ನೆಲದೊಳಗಿಂದ ವೈಕಿಂಗ್ ಕಾಲದ ನಿಜವಾದ ಶಿರಸ್ತ್ರಾಣ ದೊರೆಯಿತು, ಅದಕ್ಕೆ ಕೊಂಬುಗಳಿಲ್ಲ. ಅದೇ ವರ್ಷಗಳಲ್ಲಿ ಹಿಟ್ಲರನ ಪಕ್ಷದವರು ವೈಕಿಂಗರ ಹೆಸರನ್ನು ತಮ್ಮ ಸೇನೆಯ ಒಂದು ವಿಭಾಗಕ್ಕೆ ಇಟ್ಟು, ಶುದ್ಧರಕ್ತದ ವೀರರೆಂದು ಮೆರೆಸುತ್ತಿದ್ದರು. ಹೋದಲ್ಲೆಲ್ಲ ಬೆರೆತು, ಮಾತನ್ನು ಕೊಟ್ಟು ಕೊಂಡು, ಪರರ ಮತವನ್ನೂ ಸ್ವೀಕರಿಸಿದ ಜನರನ್ನು ಶುದ್ಧರಕ್ತದ ಗುರುತಾಗಿ ಮಾಡಿದುದಕ್ಕಿಂತ ದೊಡ್ಡ ಸುಳ್ಳು ಉಂಟೇ? ಅಪಕೀರ್ತಿಯಷ್ಟೇ ಅಲ್ಲ, ಕೀರ್ತಿಯೂ ಒಂದು ಜನಕ್ಕೆ ಅನ್ಯಾಯ ಮಾಡಬಲ್ಲದು.

ತಾತ್ಪರ್ಯ

ಆ ಹುಡುಗಿಯ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಕಳ್ಳನಿಂದ ಯಾರೂ ‘ಅಕ್ಕ’ ಎಂಬ ಮಾತನ್ನು ಕಲಿಯುವುದಿಲ್ಲ. ಆದರೆ ಆ ಕಳ್ಳನ ಮಗ ಪಕ್ಕದ ಹೊಲವನ್ನು ಉತ್ತು, ಮೊಮ್ಮಗಳು ನಮ್ಮ ಅಂಗಳದಲ್ಲಿ ಆಡಿದರೆ, ಅವಳ ಬಾಯಿಂದ ಆ ಮಾತು ನಮ್ಮ ಬಾಯಿಗೆ ಬರುತ್ತದೆ. ಹಾಗೆ ಬಂದ ಮಾತು ಅಜ್ಜನ ಅಪರಾಧವನ್ನು ತೊಳೆಯುವುದಿಲ್ಲ. ಅಜ್ಜನ ಅಪರಾಧವು ಮೊಮ್ಮಗಳ ಹೆಸರಿಗೆ ಅಂಟಬೇಕಾದುದೂ ಇಲ್ಲ.

ನಾರ್ವೆಯ ಹಾಡೆಲ್ಯಾಂಡ್ ಸೀಮೆಯ ಡಿನ್ನಾ ಎಂಬಲ್ಲಿ ೧೧ನೆಯ ಶತಮಾನದ ಒಂದು ಎತ್ತರವಾದ ಕಲ್ಲು ನಿಂತಿತ್ತು. ಈಗ ಅದನ್ನು ಆಸ್ಲೋ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಅದರ ಮೇಲೆ ಬೆತ್ಲೆಹೇಮಿನ ನಕ್ಷತ್ರವನ್ನೂ ಶಿಶುವನ್ನು ನೋಡಲು ಬಂದ ಜ್ಞಾನಿಗಳನ್ನೂ ಕೆತ್ತಿದೆ. ಅಂಚಿನ ರೂನ್ ಅಕ್ಷರಗಳು, ಗುನ್ವೋರ್ ಎಂಬ ತಾಯಿಯೊಬ್ಬಳು ತೀರಿಕೊಂಡ ತನ್ನ ಮಗಳು ಆಸ್ಟ್ರಿಡಳ ನೆನಪಿಗಾಗಿ ಒಂದು ಸೇತುವೆಯನ್ನು ಕಟ್ಟಿಸಿದಳೆಂದೂ, ಆ ಮಗಳು ಆ ಸೀಮೆಯ ಕನ್ಯೆಯರಲ್ಲೆಲ್ಲ ಕೈಗೆಲಸದಲ್ಲಿ ಜಾಣೆಯಾಗಿದ್ದಳೆಂದೂ ಹೇಳುತ್ತವೆ. ಹೌತಿನಿಂದ ಒಯ್ಯಲ್ಪಟ್ಟ ಸ್ತ್ರೀಯರ ತಾಯಂದಿರೂ ಹೀಗೆಯೇ ಅತ್ತಿರಬೇಕು. ಅವರಿಗೆ ಕಲ್ಲು ನಿಲ್ಲಿಸುವವರಿರಲಿಲ್ಲ. ವೈಕಿಂಗರ ಪಾಠವನ್ನು ಹೇಳುವಾಗ ನಾವು ಈಚೆಗೆ ಈ ಇಬ್ಬರು ತಾಯಂದಿರನ್ನೂ ಹುಡುಗಿಯರ ಮುಂದೆ ನಿಲ್ಲಿಸುತ್ತೇವೆ. ಯಾವುದೊಂದು ಜನವನ್ನಾಗಲಿ, ಊರನ್ನಾಗಲಿ, ನೆರೆಮನೆಯವರನ್ನಾಗಲಿ ಕುರಿತು ‘ಅವರು ಇಂಥವರು’ ಎಂಬ ಮಾತು ಬಾಯಿಗೆ ಬಂದಾಗ, ಅದನ್ನು ಮೊದಲು ಹೇಳಿದವರು ಯಾರು, ಹೇಳಲಾರದೆ ಉಳಿದವರು ಯಾರು ಎಂದು ಒಂದು ಗಳಿಗೆ ವಿಚಾರಿಸುವ ಅಭ್ಯಾಸವು ನಮ್ಮ ವಿದ್ಯಾರ್ಥಿನಿಯರಲ್ಲಿ ಬೆಳೆದರೆ, ಹಿಂದಿನ ಸಾಲಿನಿಂದ ಎದ್ದುನಿಂತ ಆ ಹುಡುಗಿಯ ಪ್ರಶ್ನೆ ಸಾರ್ಥಕವಾದಂತೆ.